ಟಿಕೆಟ್ ಬೆಳಿಗ್ಗೆ ಎಂಟಕ್ಕೇ ಬುಕ್ ಆಗುತ್ತದೆ, ನಾಮಿನೇಷನ್ ಫಾರ್ಮ್ ಯಾಕೆ ಕಪಾಟಿನಲ್ಲೇ ಇರುತ್ತದೆ?

ಮುಂಬೈಯಲ್ಲಿ ನಮ್ಮ ಕನ್ನಡದವರಿಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಸಿಕೊಡುವುದು ನನ್ನ ಕೆಲಸ. ಹೋಟೆಲಿನವರು, ಬ್ಯಾಂಕಿನವರು, ಟೀಚರುಗಳು, ಸಣ್ಣ ಅಂಗಡಿ ಇಟ್ಟವರು ಎಲ್ಲರೂ ಬರುತ್ತಾರೆ. ಜುಲೈ ಕೊನೆಯ ಎರಡು ಮೂರು ದಿನ ಗಾಬರಿಯಲ್ಲಿ ಫೋನ್ ಮಾಡುವವರು ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ಜನ. "ಎಂತ ಮಾಡುದು ಮಾರಾಯ್ರೆ, ಟೈಮೇ ಸಿಗ್ಲಿಲ್ಲ" ಎನ್ನುತ್ತಾರೆ. ಗಡುವು ದಾಟಿದರೆ 5,000 ರೂಪಾಯಿ ತನಕ ತಡದ ಶುಲ್ಕ ಬೀಳುತ್ತದೆ, ಆದಾಯ 5 ಲಕ್ಷದ ಒಳಗಿದ್ದರೆ 1,000. ಅದೂ ಅವರಿಗೆ ಚೆನ್ನಾಗಿ ಗೊತ್ತು.

ಇದೇ ಜನ ಚೌತಿಗೆ ಊರಿಗೆ ಹೋಗಲು ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡುವಾಗ ಒಂದು ನಿಮಿಷವೂ ತಡ ಮಾಡುವುದಿಲ್ಲ. ಪ್ರಯಾಣಕ್ಕೆ 60 ದಿನ ಮೊದಲು, ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. 7:55ಕ್ಕೇ ಗಂಡ ಒಂದು ಫೋನ್, ಹೆಂಡತಿ ಒಂದು ಫೋನ್ ಹಿಡಿದು ಕೂತಿರುತ್ತಾರೆ.

ಇವರನ್ನು ಸೋಮಾರಿಗಳು ಎನ್ನಲು ಆಗುತ್ತದಾ? ದಿನಾ 7:52ರ ಲೋಕಲ್ ಹಿಡಿಯುವ ಮನುಷ್ಯನಿಗೆ ಶಿಸ್ತು ಇಲ್ಲ ಎನ್ನುವುದು ಹೇಗೆ? ಊರ ಕಡೆ ಇಂಥವರಿಗೆ "ಅವನಿಗೆ ಉದಾಸೀನ" ಎಂದು ಒಂದೇ ಮಾತಿನಲ್ಲಿ ಷರಾ ಬರೆದುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಟಿಕೆಟ್ ಕೆಲಸದಲ್ಲಿ ಇರುವ ಯಾವುದೋ ಸಂಗತಿ ರಿಟರ್ನ್ ಕೆಲಸದಲ್ಲಿ ಇಲ್ಲ. ಅದು ಏನೆಂದು ಹುಡುಕಿ, ಮುಂದೂಡಿದ ಕೆಲಸಕ್ಕೂ ತಂದುಕೊಳ್ಳಬೇಕು. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಬರೆದಿದ್ದೇನೆ.

ಒಳಗೆ ಏನು ನಡೆಯುತ್ತದೆ

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪಿಯರ್ಸ್ ಸ್ಟೀಲ್ ಎಂಬ ಸಂಶೋಧಕರು ಕೆಲಸ ಮುಂದೂಡುವ ಚಾಳಿಯ ಬಗ್ಗೆ ಅಲ್ಲಿಯವರೆಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2007ರಲ್ಲಿ ಒಂದು ದೊಡ್ಡ ಲೇಖನ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ನಾಲ್ಕು ಸಂಗತಿಗಳು ಮುಖ್ಯ. ಈ ಕೆಲಸ ನನ್ನಿಂದ ಆಗುತ್ತದೆ ಎಂಬ ನಂಬಿಕೆ ಎಷ್ಟಿದೆ? ಅದರಿಂದ ಸಿಗುವುದು ಎಷ್ಟು ಬೆಲೆಯದು? ಅದು ಸಿಗಲು ಎಷ್ಟು ದಿನ ಕಾಯಬೇಕು? ನನ್ನ ಮನಸ್ಸು ಎಷ್ಟು ಬೇಗ ಬೇರೆ ಕಡೆ ಜಾರುತ್ತದೆ?

ಈಗ ಟಿಕೆಟನ್ನೇ ನೋಡಿ. ಏನು ಮಾಡಬೇಕೆಂದು ಗೊತ್ತಿದೆ. 8:05ಕ್ಕೆ ಫಲ ಕೈಯಲ್ಲಿರುತ್ತದೆ, ಇಲ್ಲವೇ ವೇಟಿಂಗ್ ಲಿಸ್ಟ್ ಕಣ್ಣೆದುರು ಬೆಳೆಯುತ್ತದೆ. ಇನ್ನು ಹೌಸಿಂಗ್ ಸೊಸೈಟಿಯ ನಾಮಿನೇಷನ್ ಫಾರ್ಮ್ ತೆಗೆದುಕೊಳ್ಳಿ, ಅಂದರೆ ನಮ್ಮ ನಂತರ ಫ್ಲಾಟಿನ ವಿಷಯಕ್ಕೆ ಸೊಸೈಟಿ ಯಾರನ್ನು ಕರೆಯಬೇಕು ಎಂದು ಹೆಸರು ಬರೆದುಕೊಡುವ ಕಾಗದ. ಅದರ ಫಲ ಸಿಗುವುದು ನಾವು ಸತ್ತ ಮೇಲೆ, ಅದೂ ನಮಗಲ್ಲ! ಅದನ್ನು ಮುಂದೂಡದೆ ಇರುವವರೇ ಆಶ್ಚರ್ಯ.

ಆದರೆ ಇದಿಷ್ಟೇ ಕಾರಣ ಅಲ್ಲ. 2013ರಲ್ಲಿ ಫ್ಯೂಶಾ ಸಿರ್ವಾ ಮತ್ತು ಟಿಮೊತಿ ಪಿಚಿಲ್ ಎಂಬಿಬ್ಬರು ಸಂಶೋಧಕರು ಇನ್ನೊಂದು ಮಾತು ಮುಂದಿಟ್ಟರು. ನಾವು ಮುಂದೂಡುವುದು ಕೆಲಸದಿಂದ ತಪ್ಪಿಸಿಕೊಳ್ಳಲು ಎನ್ನುವುದಕ್ಕಿಂತ, ಆ ಕೆಲಸ ನೆನಪಾದ ಕೂಡಲೆ ಬರುವ ಕಿರಿಕಿರಿಯಿಂದ ತಪ್ಪಿಸಿಕೊಳ್ಳಲು. "ನಾಳೆ ಮಾಡೋಣ" ಎಂದ ಕೂಡಲೆ ಎದೆ ಹಗುರಾಗುತ್ತದೆ, ಅಲ್ವಾ? ಆ ಹಗುರವೇ ಬಹುಮಾನ. ಬಹುಮಾನ ಸಿಕ್ಕಿದ್ದನ್ನು ಮನಸ್ಸು ಮತ್ತೆ ಮತ್ತೆ ಮಾಡುತ್ತದೆ. ಹಾಗಾಗಿ ಹೊಸ ಡೈರಿ, ಹೊಸ ಆ್ಯಪ್ ತಂದರೆ ಒಂದು ವಾರ ನಡೆಯುತ್ತದೆ, ಆಮೇಲೆ ಅದನ್ನು ತೆರೆಯುವುದನ್ನೂ ಮುಂದೂಡುತ್ತೇವೆ. ಟೈಮ್‌ಟೇಬಲ್ ಇದ್ದ ಮಾತ್ರಕ್ಕೆ ಕಿರಿಕಿರಿ ಹೋಗುವುದಿಲ್ಲ.

"ನನಗೆ ಕೊನೆಯ ಗಳಿಗೆಯಲ್ಲೇ ಕೆಲಸ ಚೆನ್ನಾಗಿ ಆಗುತ್ತದೆ" ಎನ್ನುವವರಿಗೆ 1997ರ ಒಂದು ಅಧ್ಯಯನದ ಸುದ್ದಿ. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ ಕಾಲೇಜು ವಿದ್ಯಾರ್ಥಿಗಳನ್ನು ಒಂದಿಡೀ ಸೆಮಿಸ್ಟರ್ ಗಮನಿಸಿದರು. ಮುಂದೂಡುವವರು ಮೊದಮೊದಲು ನಿಜಕ್ಕೂ ಆರಾಮಾಗಿದ್ದರು. ಕೊನೆಯಲ್ಲಿ ಅವರಿಗೇ ಒತ್ತಡ ಜಾಸ್ತಿ, ಕಾಯಿಲೆ ಜಾಸ್ತಿ, ಅಂಕವೂ ಕಡಿಮೆ.

ಮೊದಲ ಹೆಜ್ಜೆ: ಒಂದೇ ಕೆಲಸ ಆರಿಸಿ, ಅದರ ಕಿರಿಕಿರಿ ಯಾವುದೆಂದು ಬರೆಯಿರಿ

ಪಟ್ಟಿ ಬೇಡ. ಹದಿನೈದು ಕೆಲಸಗಳ ಪಟ್ಟಿ ಮಾಡಿದರೆ ಅದನ್ನು ನೋಡಿಯೇ ಸುಸ್ತು. ಮನಸ್ಸಿಗೆ ಜಾಸ್ತಿ ಚುಚ್ಚುವ ಒಂದನ್ನು ಆರಿಸಿ. ಒಂದು ಚೀಟಿಯಲ್ಲಿ ಬರೆಯಿರಿ. ಅದರ ಕೆಳಗೆ "ಇದನ್ನು ನೆನೆದರೆ ನನಗೆ ಏನಾಗುತ್ತದೆ?" ಎಂಬುದಕ್ಕೆ ಉತ್ತರ ಬರೆಯಿರಿ. ಈ ಹೆಜ್ಜೆಯನ್ನು ಬಹಳ ಜನ ಹಾರಿಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ, ಯಾಕೆಂದರೆ ಕಿರಿಕಿರಿ ಬೇರೆಯಾದರೆ ಮದ್ದೂ ಬೇರೆ.

ನಾನು ಜಾಸ್ತಿ ನೋಡುವುದು ಗೊತ್ತಿಲ್ಲದ್ದರ ಕಿರಿಕಿರಿ. ಅಪ್ಪ ತೀರಿಕೊಂಡಿದ್ದಾರೆ. ಡೊಂಬಿವಲಿಯ ಫ್ಲಾಟು ಅವರ ಹೆಸರಿನಲ್ಲೇ ಇದೆ. ಶೇರ್ ಸರ್ಟಿಫಿಕೇಟ್, ಅಂದರೆ ಸೊಸೈಟಿ ಸದಸ್ಯರಿಗೆ ಕೊಡುವ ಕಾಗದ, ವರ್ಗ ಆಗಬೇಕು. ಮಗನಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದು. ಸೊಸೈಟಿ ಸೆಕ್ರೆಟರಿ ಮರಾಠಿಯಲ್ಲಿ ಏನೋ ಹೇಳುತ್ತಾರೆ, ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಕೇಳಲು ಸಂಕೋಚ. ಇಂಥ ಕೆಲಸಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಪ್ರಯೋಜನವಿಲ್ಲ. ಬೇಕಾದ್ದು ಮಾಹಿತಿ. ಇದನ್ನು ಈಗಾಗಲೇ ಮಾಡಿದ ಒಬ್ಬರನ್ನು ಅದೇ ಕಟ್ಟಡದಲ್ಲಿ ಹುಡುಕಿ, "ನಿಮಗೆ ಯಾವ ಯಾವ ಕಾಗದ ಕೇಳಿದರು?" ಎಂದು ಕೇಳುವುದೇ ಮೊದಲ ಕೆಲಸ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ನಾಮಿನಿ ಎಂದರೆ ಮಾಲೀಕರಲ್ಲ. ನಾಮಿನೇಷನ್ ಇದ್ದರೆ ಸೊಸೈಟಿಯ ಕೆಲಸ ಸುಲಭ, ಅಷ್ಟೆ. ಹಕ್ಕು ಯಾರದ್ದು ಎನ್ನುವುದು ಉಯಿಲು ಮತ್ತು ವಾರಸುದಾರಿಕೆಯ ವಿಷಯ. ಇದು ಗೊತ್ತಿಲ್ಲದೆ "ತಮ್ಮನ ಹೆಸರು ಹಾಕಿದರೆ ಮನೆ ಅವನಿಗೇ ಹೋಗಿಬಿಡುತ್ತದಾ?" ಎಂಬ ಅನುಮಾನದಲ್ಲೇ ವರ್ಷಗಟ್ಟಲೆ ಫಾರ್ಮ್ ತುಂಬದವರು ಇದ್ದಾರೆ.

ಎರಡನೆಯದು ಭಯ. ಸಕ್ಕರೆ ಕಾಯಿಲೆ ಇದೆಯೋ ಏನೋ ಎಂಬ ಅನುಮಾನ ಇರುವವರು ರಕ್ತ ಪರೀಕ್ಷೆಯನ್ನು ಮುಂದೂಡುತ್ತಾರೆ. ಪರೀಕ್ಷೆಗೆ ಬೇಕಾಗುವುದು ಹತ್ತು ನಿಮಿಷ. ಹೆದರಿಕೆ ಇರುವುದು ರಿಪೋರ್ಟಿಗೆ. ಇಂಥ ಕೆಲಸಕ್ಕೆ ಜೊತೆ ಬೇಕು. ಒಬ್ಬರೇ ಹೋಗಬೇಡಿ. ಸ್ನೇಹಿತರೊಬ್ಬರನ್ನು ಕರೆದು ಇಬ್ಬರೂ ಒಟ್ಟಿಗೆ ರಕ್ತ ಕೊಟ್ಟು, ಅಲ್ಲೇ ಪಕ್ಕದಲ್ಲಿ ಇಡ್ಲಿ ತಿಂದು ಬನ್ನಿ.

ಮೂರನೆಯದು ಸಿಟ್ಟು. ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಊರಿನ ಜಾಗದ ಪಾಲಿನ ವಿಷಯ. "ಎಲ್ಲಾ ನಾನೇ ಯಾಕೆ ಓಡಾಡಬೇಕು, ಅಣ್ಣ ಊರಲ್ಲೇ ಇದ್ದಾನಲ್ಲ?" ಎಂಬುದು ಒಳಗೆ ಕುದಿಯುತ್ತಿರುತ್ತದೆ. ಹೊರಗೆ ಹೇಳುವುದು ಮಾತ್ರ "ರಜೆ ಸಿಗುವುದಿಲ್ಲ" ಎಂದು. ಅಣ್ಣನ ಹತ್ತಿರ ಒಮ್ಮೆ ನೇರವಾಗಿ ಮಾತಾಡದೆ ಪಹಣಿಯ ಕೆಲಸ ಮುಂದೆ ಹೋಗುವುದಿಲ್ಲ. ಅಂದರೆ ನಿಮ್ಮ ಚೀಟಿಯಲ್ಲಿ ಇರಬೇಕಾದ ಕೆಲಸ ಪಹಣಿ ಅಲ್ಲ, ಅಣ್ಣನಿಗೆ ಒಂದು ಫೋನು.

ಚೆನ್ನಾಗಿಯೇ ಆಗಬೇಕೆಂಬ ಹಟ ಇನ್ನೊಂದು. ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ, ಸಂಘದ ಸ್ಮರಣ ಸಂಚಿಕೆಗೆ ಲೇಖನ ಒಪ್ಪಿಕೊಂಡವರಿಗೆ ಇದು ಜಾಸ್ತಿ. ಮೊದಲ ಪ್ರತಿ ಕೆಟ್ಟದಾಗಿಯೇ ಇರಲಿ ಎಂದು ತೀರ್ಮಾನಿಸಿ, ಬೇಕಂತಲೇ ಕೆಟ್ಟದಾಗಿ ಒಂದು ಪುಟ ಬರೆದುಬಿಡಿ. ತಿದ್ದಲು ಏನಾದರೂ ಇದ್ದರೆ ತಾನೆ ತಿದ್ದುವುದು.

ಎರಡನೇ ಹೆಜ್ಜೆ: ಕೆಲಸವನ್ನು ಕೈಗೆ ಸಿಗುವಷ್ಟು ಸಣ್ಣದು ಮಾಡಿ

"ಸೊಸೈಟಿ ಕೆಲಸ ಮುಗಿಸಬೇಕು" ಎಂದು ಬರೆದರೆ ಅದು ಕೆಲಸ ಅಲ್ಲ, ಚಿಂತೆ. ಕೈ ಏನು ಮಾಡಬೇಕು ಎಂದು ಬರೆಯಿರಿ. "ಕಪಾಟಿನ ಮೇಲಿನ ನೀಲಿ ಫೈಲ್ ಇಳಿಸಿ, ಶೇರ್ ಸರ್ಟಿಫಿಕೇಟ್ ಒಳಗಿದೆಯಾ ನೋಡುವುದು." ಇದು ಕೆಲಸ. ಐದು ನಿಮಿಷದ್ದು. ಸಿಕ್ಕಿದರೆ ಫೋಟೊ ತೆಗೆಯುವುದು ಮುಂದಿನದು. ಭಾನುವಾರ ಸೊಸೈಟಿ ಆಫೀಸಿನಲ್ಲಿ ನಾಮಿನೇಷನ್ ಫಾರ್ಮ್ ಕೇಳುವುದು ಅದರ ಮುಂದಿನದು. ಫಾರ್ಮ್ ಮೂರು ಪ್ರತಿ ಬೇಕು, ಸಾಕ್ಷಿಗಳ ಸಹಿ ಬೇಕು. ಅದೆಲ್ಲ ಆಮೇಲೆ. ಮೊದಲ ದಿನ ಫೈಲ್ ಇಳಿದರೆ ಸಾಕು.

ಸಣ್ಣದಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಬರೆದದ್ದನ್ನು ಓದಿ. ಓದುವಾಗ "ಇಷ್ಟೇನಾ?" ಅನಿಸಿದರೆ ಸರಿಯಾಗಿದೆ. ಹೊಟ್ಟೆಯಲ್ಲಿ ಏನೋ ಬಿಗಿದಂತಾದರೆ ಇನ್ನೂ ದೊಡ್ಡದಿದೆ, ಮತ್ತೆ ತುಂಡು ಮಾಡಿ.

ರಿಟರ್ನ್ ತುಂಬಿಸುವವರಿಗೆ ನಾನು ಜೂನ್‌ನಲ್ಲೇ ಹೇಳುವುದು ಇಷ್ಟು: "ಕಾಗದ ಎಲ್ಲಾ ಒಟ್ಟು ಮಾಡಿ ತರಬೇಡಿ. ಮೊದಲು ಫಾರ್ಮ್ 16 ಒಂದನ್ನೇ ವಾಟ್ಸಾಪ್ ಮಾಡಿ." ಸಂಬಳ ಎಷ್ಟು, ತೆರಿಗೆ ಎಷ್ಟು ಹಿಡಿದಿದೆ ಎಂದು ಆಫೀಸಿನವರು ಕೊಡುವ ಕಾಗದ ಅದು. ಒಂದು ಕಾಗದ ಕಳಿಸಿದವರು ಉಳಿದದ್ದನ್ನೂ ಕಳಿಸುತ್ತಾರೆ. ಎಲ್ಲ ಒಟ್ಟು ಮಾಡಿ ಕೊಡುತ್ತೇನೆ ಎಂದವರೇ ಜುಲೈ 30ಕ್ಕೆ ಸಿಗುವುದು.

ಮೂರನೇ ಹೆಜ್ಜೆ: "ಯಾವಾಗ" ಎನ್ನುವುದನ್ನು ಇನ್ನೊಂದು ಕೆಲಸಕ್ಕೆ ಕಟ್ಟಿ

"ಈ ವಾರ ಮಾಡುತ್ತೇನೆ" ಎಂಬುದಕ್ಕೆ ಬೆಲೆ ಇಲ್ಲ. ಮುಂಬೈಯಲ್ಲಿ "ಬೆಳಿಗ್ಗೆ ಒಂದು ಟ್ರೈನ್ ಹಿಡಿಯುತ್ತೇನೆ" ಎಂದು ಯಾರಾದರೂ ಹೇಳುತ್ತಾರಾ? 7:52 ಎನ್ನುತ್ತಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರಿಸಿದ ಒಂದು ಸರಳ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. "ಇಂಥದ್ದು ಆದ ಕೂಡಲೆ ನಾನು ಇಂಥದ್ದು ಮಾಡುತ್ತೇನೆ" ಎಂದು ಮೊದಲೇ ಒಂದು ವಾಕ್ಯ ಮಾಡಿಟ್ಟುಕೊಳ್ಳುವುದು. 2006ರಲ್ಲಿ ಅವರು ಪಾಸ್ಕಲ್ ಶೀರನ್ ಜೊತೆ ಸೇರಿ ಇಂಥ 94 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದರು. ಸುಮ್ನೆ ಗುರಿ ಇಟ್ಟುಕೊಂಡವರಿಗಿಂತ ಹೀಗೆ ವಾಕ್ಯ ಮಾಡಿಕೊಂಡವರು ಎಷ್ಟೋ ಮುಂದಿದ್ದರು.

ನಮ್ಮ ದಿನಕ್ಕೆ ಹೊಂದುವ ಕೆಲವು ವಾಕ್ಯಗಳು:

"ಭಾನುವಾರ ತಿಂಡಿಯ ತಟ್ಟೆ ತೊಳೆದಿಟ್ಟ ಕೂಡಲೆ ಫೈಲ್ ಇಳಿಸುತ್ತೇನೆ."

"ಘಾಟ್ಕೋಪರ್‌ನಲ್ಲಿ ಮೆಟ್ರೊಗೆ ಹೋಗುವವರು ಇಳಿದು ನನಗೆ ಸೀಟು ಸಿಕ್ಕಿದ ಕೂಡಲೆ ಎರಡು ಪುಟ ಓದುತ್ತೇನೆ. ಸೀಟು ಸಿಗದಿದ್ದರೆ ಆಫೀಸಿನಲ್ಲಿ ಚಹಾ ಬರುವ ಮೊದಲು ಓದುತ್ತೇನೆ."

ಎರಡನೇ ವಾಕ್ಯದ ಕೊನೆಯ ಭಾಗ ಗಮನಿಸಿ. ಸೀಟು ಸಿಗುವುದಿಲ್ಲ ಎಂಬುದು ನಮಗೆ ಮೊದಲೇ ಗೊತ್ತಿರುವ ಸತ್ಯ. ಅದಕ್ಕೊಂದು ದಾರಿ ಮೊದಲೇ ಇಟ್ಟುಕೊಂಡರೆ ಅದೇ ನೆಪವಾಗುವುದಿಲ್ಲ.

"ಶಾಂತವಾದ ಕೋಣೆ, ಸ್ವಚ್ಛವಾದ ಮೇಜು" ಎಂಬ ಸಲಹೆಯನ್ನು ಎಲ್ಲ ಕಡೆ ಓದುತ್ತೇವೆ. ಒನ್ ರೂಮ್ ಕಿಚನ್‌ನಲ್ಲಿ ಐದು ಜನ, ಒಂದು ಟಿವಿ ಇರುವ ಮನೆಗೆ ಆ ಸಲಹೆ ಕೊಡುವುದು ಗೇಲಿ ಮಾಡಿದಂತೆ. ಹೊರಗೆ ಜಾಗ ಹುಡುಕಿ. ಮುಂಬೈಯಲ್ಲಿ ಅನೇಕ ಕಡೆ ವಿದ್ಯಾರ್ಥಿಗಳಿಗಾಗಿ ಅಭ್ಯಾಸಿಕಾ ಎಂಬ ಓದುವ ಕೋಣೆಗಳಿವೆ, ವಾಚನಾಲಯಗಳಿವೆ. ಆಫೀಸಿಗೆ ಅರ್ಧ ಗಂಟೆ ಮೊದಲು ಹೋದರೆ ಟ್ರೈನಿನ ನೂಕುನುಗ್ಗಲೂ ಸ್ವಲ್ಪ ಕಡಿಮೆ, ಮೇಜೂ ನಿಮ್ಮದೇ.

ನಾಲ್ಕನೇ ಹೆಜ್ಜೆ: ಹತ್ತು ನಿಮಿಷ

ಫೋನನ್ನು ಇನ್ನೊಂದು ಕೋಣೆಯಲ್ಲಿ ಇಡಿ. ಇನ್ನೊಂದು ಕೋಣೆ ಇಲ್ಲದಿದ್ದರೆ ಅಕ್ಕಿ ಡಬ್ಬದ ಮೇಲೆ ಇಡಿ. ಹತ್ತು ನಿಮಿಷ ಅಲಾರಂ ಇಟ್ಟು ಶುರು ಮಾಡಿ. ಅಲಾರಂ ಹೊಡೆದ ಮೇಲೆ ನಿಲ್ಲಿಸಲು ನಿಮಗೆ ಪೂರ್ತಿ ಹಕ್ಕಿದೆ.

ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪದ್ಧತಿ ಮಾಡಿಕೊಂಡರು. ಅದು ಇವತ್ತು ಪೊಮೊಡೊರೊ ಎಂದು ಪ್ರಸಿದ್ಧ. ಓದುವವರಿಗೆ ಚೆನ್ನಾಗಿದೆ. ಆದರೆ ತಿಂಗಳುಗಟ್ಟಲೆ ಮುಟ್ಟದ ಕೆಲಸಕ್ಕೆ ಮೊದಲ ದಿನವೇ 25 ನಿಮಿಷ ಜಾಸ್ತಿ ಎಂದು ನನ್ನ ಅಭಿಪ್ರಾಯ.

ಬೇಸರದ ಕೆಲಸವಾದರೆ ಇಷ್ಟವಾದದ್ದನ್ನು ಜೊತೆಗೆ ಸೇರಿಸಿ. ಬಿಲ್ಲುಗಳನ್ನು ವಿಂಗಡಿಸುವಾಗ ಮಾತ್ರ ಯಕ್ಷಗಾನದ ರೆಕಾರ್ಡಿಂಗ್ ಕೇಳುವುದು ಎಂದು ನಿಯಮ ಮಾಡಿಕೊಳ್ಳಿ. ತಾಳಮದ್ದಳೆ ಇನ್ನೂ ಒಳ್ಳೆಯದು, ಬೇಗ ಮುಗಿಯುವುದಿಲ್ಲ.

ಐದನೇ ಹೆಜ್ಜೆ: ಕಾಯುವ ಒಬ್ಬರು ಇರಲಿ

ನನಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹಿಂದಿನ ತಲೆಮಾರಿನವರು ಒಂದು ಮಾತು ಹೇಳುತ್ತಲೇ ಇರುತ್ತಾರೆ: "ನಾವು ಹಗಲು ಹೋಟೆಲಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗಿ ಕಲಿತವರು. ನಿಮಗೆ ಎಲ್ಲಾ ಇದ್ದೂ ಯಾಕೆ ಆಗುವುದಿಲ್ಲ?" ಅವರ ಕಷ್ಟ ದೊಡ್ಡದು, ಅದಕ್ಕೆ ಕೈಮುಗಿಯಬೇಕು. ಆದರೆ ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಅವರಿಗೆ ಏನು ಕೊಟ್ಟವು ನೋಡಿ. ಇಷ್ಟು ಗಂಟೆಗೆ ಎಂಬ ಸಮಯ. ಇದೇ ಬೆಂಚು ಎಂಬ ಜಾಗ. ಬರದಿದ್ದರೆ "ನಿನ್ನೆ ಎಲ್ಲಿಗೆ ಹೋಗಿದ್ದೆ?" ಎಂದು ಕೇಳುವ ಮಾಸ್ತರು. ಪಕ್ಕದಲ್ಲಿ ಅದೇ ಹೋಟೆಲಿನ ಇನ್ನೊಬ್ಬ ಹುಡುಗ. ಬರೀ ಮನೋಬಲದಿಂದ ಅವರು ಕಲಿತದ್ದಲ್ಲ. ಇವತ್ತು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಓದುವ ಹುಡುಗನಿಗೆ ಇಂಟರ್ನೆಟ್ ಇದೆ, ಈ ನಾಲ್ಕರಲ್ಲಿ ಒಂದೂ ಇಲ್ಲ.

ಹಾಗಾಗಿ ಅವುಗಳನ್ನು ನಾವೇ ಮಾಡಿಕೊಳ್ಳಬೇಕು. ಇಬ್ಬರು ಸೇರಿ ಭಾನುವಾರ ಒಂದು ಗಂಟೆ ಕೂರುವುದು. ನಿಮ್ಮದು ನಾಮಿನೇಷನ್, ಅವರದು ಮಗಳ ಪಾಸ್‌ಪೋರ್ಟ್ ಅರ್ಜಿ. ಒಂದೇ ಕೆಲಸ ಆಗಬೇಕಿಲ್ಲ, ಒಂದೇ ಹೊತ್ತು ಆಗಬೇಕು. ದೂರದಲ್ಲಿದ್ದರೆ ವಿಡಿಯೊ ಕಾಲ್ ಹಚ್ಚಿಟ್ಟು ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿ. ಮಾತಾಡುವುದು ಕೊನೆಯ ಐದು ನಿಮಿಷ ಮಾತ್ರ. ಈ ಕೊನೆಯ ನಿಯಮ ಮುರಿದರೆ ಆ ಗಂಟೆ ಊರ ಸುದ್ದಿಗೇ ಹೋಗುತ್ತದೆ, ಹೇಳಬೇಕಾಗಿಲ್ಲ.

ಜೊತೆಗಾರರಾಗಿ ಗಂಡ ಅಥವಾ ಹೆಂಡತಿಯನ್ನು ಆರಿಸಬೇಡಿ. "ಆಯ್ತಾ? ಇನ್ನೂ ಆಗ್ಲಿಲ್ವಾ?" ಎಂಬುದು ಮೂರನೇ ದಿನಕ್ಕೆ ಜಗಳವಾಗುತ್ತದೆ.

ಲೆಕ್ಕ ಹಾಕುವಾಗ

ಎಷ್ಟು ಹೊತ್ತು ಬೇಕು ಎಂಬ ಅಂದಾಜಿನಲ್ಲಿ ನಾವೆಲ್ಲ ಎಡವುತ್ತೇವೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದರು, ಎಷ್ಟು ದಿನ ಬೇಕು ಎಂದು. ಸರಾಸರಿ 34 ದಿನ ಎಂದರು. ಎಲ್ಲವೂ ಕೈಕೊಟ್ಟರೆ? 49 ದಿನ ಎಂದರು. ಕೊನೆಗೆ ಹಿಡಿದದ್ದು ಸರಾಸರಿ 55 ದಿನಕ್ಕಿಂತ ಜಾಸ್ತಿ. ಎಲ್ಲ ಕೆಟ್ಟರೂ ಇಷ್ಟೇ ಎಂದುಕೊಂಡದ್ದನ್ನೂ ಮೀರಿತು! ನಿಮ್ಮ ಅಂದಾಜನ್ನು ಎರಡು ಪಟ್ಟು ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಕೆಲಸವಾದರೆ ಹಳಿ ಮೇಲೆ ನೀರು ನಿಲ್ಲುವ ದಿನಗಳನ್ನೂ ಸೇರಿಸಿ.

ತಪ್ಪಿದ ದಿನ ಏನು ಮಾಡುವುದು

ತಪ್ಪುತ್ತದೆ. ಅವತ್ತು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. 2010ರಲ್ಲಿ ಮೈಕಲ್ ವೋಲ್, ಪಿಚಿಲ್ ಮತ್ತು ಇನ್ನೊಬ್ಬ ಸಂಶೋಧಕರು ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ವಿದ್ಯಾರ್ಥಿಗಳನ್ನು ಗಮನಿಸಿದರು. ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕಾರಣ ಮೊದಲೇ ನೋಡಿದೆವು. ಬೈದುಕೊಂಡಷ್ಟೂ ಆ ಕೆಲಸದ ಸುತ್ತ ಕಿರಿಕಿರಿ ಜಾಸ್ತಿ ಆಗುತ್ತದೆ. ಕಿರಿಕಿರಿ ಜಾಸ್ತಿಯಾದರೆ ಮತ್ತೆ ಮುಂದೂಡುತ್ತೇವೆ.

ಮಕ್ಕಳನ್ನು ಬೈಯುವಾಗಲೂ ಇದು ನೆನಪಿರಲಿ. "ನಿನ್ನಿಂದ ಏನೂ ಆಗುವುದಿಲ್ಲ" ಎನ್ನುವ ಬದಲು "ಯಾವ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡೆ, ತೋರಿಸು ಮಗಾ" ಎಂದು ಕೇಳಿ. ಒಂಬತ್ತು ಸಲ ಫೋನ್ ಕಿತ್ತುಕೊಂಡರೂ ಆಗದ್ದು ಅಷ್ಟರಲ್ಲಿ ಆಗಬಹುದು.

ಎಲ್ಲವನ್ನೂ ಮಾಡಲೇಬೇಕೆಂದೂ ಇಲ್ಲ. ವರ್ಷವಾದರೂ ಮುಟ್ಟದ, ಬಿಟ್ಟರೆ ಯಾರಿಗೂ ನಷ್ಟವಿಲ್ಲದ ಕೆಲಸವನ್ನು ಹೊಡೆದುಹಾಕಿ. ಹಳೆ ಮದುವೆ ಕ್ಯಾಸೆಟ್‌ಗಳನ್ನು ಪೆನ್ ಡ್ರೈವ್‌ಗೆ ಹಾಕಿಸುವುದು ಅಂಥದ್ದಿರಬಹುದು. ದುಡ್ಡು ಕೊಟ್ಟು ಮಾಡಿಸಬಹುದಾದ್ದನ್ನು ಮಾಡಿಸಿ. ಹಾಗೆಯೇ ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಆಫೀಸಿಗೆ ಹೋಗಿ, ರಾತ್ರಿ ಮತ್ತೆ ಅಡುಗೆಗೆ ನಿಲ್ಲುವ ಹೆಂಗಸು "ನನ್ನ ಕೆಲಸವೆಲ್ಲ ಹಿಂದೆ ಬೀಳುತ್ತದೆ" ಎಂದರೆ ಅದು ಮುಂದೂಡುವ ಚಾಳಿ ಅಲ್ಲ. ಅಲ್ಲಿ ಮನೆಯವರು ಕೆಲಸ ಹಂಚಿಕೊಳ್ಳಬೇಕು. ಈ ಲೇಖನ ಅವರಿಗೆ ಬೇಕಾಗಿಲ್ಲ.

ಇನ್ನು ಕೆಲವರಿಗೆ ಇಷ್ಟದ ಕೆಲಸಕ್ಕೂ ಕೈ ಏಳುವುದಿಲ್ಲ. ನಿದ್ದೆ ಕೆಟ್ಟಿರುತ್ತದೆ, ಊಟ ರುಚಿಸುವುದಿಲ್ಲ, ವಾರಗಟ್ಟಲೆ ಮನಸ್ಸು ಭಾರವಾಗಿರುತ್ತದೆ. ಅದು ಖಿನ್ನತೆ ಇರಬಹುದು. ಚಿಕ್ಕಂದಿನಿಂದಲೂ ಯಾವುದರಲ್ಲೂ ಗಮನ ನಿಲ್ಲದವರಿಗೆ ಕಾರಣ ಬೇರೆ ಇರಬಹುದು. ಇಂಥವರಿಗೆ ಮೇಲಿನ ಹೆಜ್ಜೆಗಳು ಸಾಲುವುದಿಲ್ಲ, ಡಾಕ್ಟರನ್ನು ನೋಡಬೇಕು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಾಗಿಲ್ಲ, ದಿನದ 24 ಗಂಟೆಯೂ ಇರುತ್ತದೆ. ಮುಂಬೈಯಿಂದ ಮಾಡಿದರೂ ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಬಹುದು.